ಬದುವಿನ ಹುಳು ತಂದ ಮೇಲೆ ಸಾಸಿವೆ ಕ್ಯಾಡ್ಮಿಯಂ ಎಳೆಯಿತು

ಕ್ಯಾಡ್ಮಿಯಂನಂಥ ವಿಷದ ಲೋಹ ಸೇರಿದ ಮಣ್ಣಲ್ಲಿ ಗಿಡ ಬೆಳೆಸಿ, ಲೋಹ ಎಳೆದುಕೊಂಡ ಗಿಡವನ್ನು ಕೊಯ್ದು ಮಣ್ಣು ಶುಚಿ ಮಾಡೋದು ನನ್ನ ಪ್ರಯತ್ನ. ಆ ಮಣ್ಣಿಗೆ ಎರೆಹುಳು ತಂದು ಬಿಟ್ಟರೆ ಸಾಸಿವೆ ಜಾಸ್ತಿ ಲೋಹ ಎಳೆಯುತ್ತದೆ ಅಂದಾಗ ಯಾರೂ ನಂಬಲಿಲ್ಲ. "ಹುಳು ಮಣ್ಣಿಗೆ ಒಳ್ಳೇದು ಮಾಡುತ್ತೆ, ಗಿಡಕ್ಕೆ ವಿಷ ಉಣಿಸುತ್ತಾ?" ಅಂತ ಕೇಳಿದವರೂ ಇದ್ದರು. ಮೂರು ಸಲ ಸೋತೆ. ನಾಲ್ಕನೇ ಸಲ ಗೆದ್ದೆ.

ಮಣ್ಣು ಬೈರಮಂಗಲ ಕೆರೆಯ ಕೆಳಗಿನದು, ಬೆಂಗಳೂರಿನ ಚರಂಡಿ, ಕಾರ್ಖಾನೆ ಕೊಳೆ ಹೊತ್ತು ಬರುವ ವೃಷಭಾವತಿ ನದಿಯ ನೀರು ಕುಡಿದದ್ದು. ಅರ್ಧಕ್ಕೆ ಕತ್ತರಿಸಿದ 20 ಡ್ರಮ್, ಒಂದೊಂದರಲ್ಲೂ ಸುಮಾರು 25 ಕೆಜಿ.

ಮೊದಲು ಗೊಬ್ಬರದ ಹುಳು ಕೊಂಡೆ, ಐಸೀನಿಯಾ. ಆಗ ಕೆಜಿಗೆ 400 ರೂಪಾಯಿ ಇದ್ದಿರಬೇಕು. ಅವಕ್ಕೆ ಸಗಣಿ, ಕಸ ಬೇಕು, ಬರೀ ಮಣ್ಣು ಒಗ್ಗಲ್ಲ. ಬೆಳಿಗ್ಗೆ ನೋಡಿದರೆ ಅರ್ಧದಷ್ಟು ಡ್ರಮ್ಮಿನ ಹೊರಗೆ ದಾರದ ಹಾಗೆ ಒಣಗಿ ಬಿದ್ದಿದ್ದವು. ಎರಡನೇ ಸಲ ಸಗಣಿ ಸುರಿದೆ. ಹುಳು ಉಳಿದವು, ಆದರೆ ಲೋಹ ಸಗಣಿಗೇ ಅಂಟಿಕೊಂಡಿತು. ಹುಳು ಇಲ್ಲದ ಡ್ರಮ್ಮಿನ ಸಾಸಿವೆಯಲ್ಲೇ ಕ್ಯಾಡ್ಮಿಯಂ ಜಾಸ್ತಿ! ಆ ಫಲಿತಾಂಶ ತಿಳಿಯೋಕೆ ಲ್ಯಾಬಿಗೆ 18 ಸಾವಿರ ಕಟ್ಟಿದ್ದೆ. ಮೂರನೇ ಸಲ ಇಡಿಟಿಎ ಹಾಕಿದೆ, ಮಣ್ಣಿಗೆ ಅಂಟಿದ ಲೋಹವನ್ನು ಬಿಡಿಸಿ ನೀರಿಗೆ ತರುವ ರಾಸಾಯನಿಕ ಅದು. ಎಲೆ ಸುಟ್ಟಿತು, ಹುಳು ಸತ್ತವು, ಲೋಹ ಡ್ರಮ್ಮಿನ ತಳದಿಂದ ನೀರಿನ ಜೊತೆ ಹೋಯಿತು.

ಆಮೇಲೆ ಅದೇ ಹೊಲದ ಬದುವಿಗೆ ಹೋದೆ. ಮಳೆ ಬಿದ್ದ ಮಾರನೇ ದಿನ ಒಂದು ಗುದ್ದಲಿ ಮಣ್ಣಲ್ಲಿ ನಾಲ್ಕೈದು ಲಾಂಪಿಟೋ ಸಿಕ್ಕವು, ಮಣ್ಣಲ್ಲೇ ಬದುಕುವ ನಮ್ಮ ಕಡೆಯ ಎರೆಹುಳು. ಅಲ್ಲೇ ಹುಟ್ಟಿದವು, ಆ ಮಣ್ಣು ಅವಕ್ಕೆ ಹೊಸದಲ್ಲ. ಡ್ರಮ್ಮಿಗೆ 15ರಂತೆ ಬಿಟ್ಟು, ಎರಡು ವಾರ ಕಾದು ಸಾಸಿವೆ ಬಿತ್ತಿದೆ. ಆ ಎರಡು ವಾರ ಬಿಡಲೇಬೇಕು. ಹತ್ತನೇ ದಿನಕ್ಕೆ ಮಣ್ಣಿನ ಮೇಲೆ ಕಾಳು ಕಾಳಾಗಿ ಹಿಕ್ಕೆ ಎದ್ದಿತ್ತು. ಅದನ್ನು ಚಮಚದಲ್ಲಿ ಬೇರೆ ತೆಗೆದು ಡಿಟಿಪಿಎಯಲ್ಲಿ ನೋಡಿದೆ, ಗಿಡಕ್ಕೆ ಸಿಗುವಂಥ ಲೋಹ ಎಷ್ಟಿದೆ ಅಂತ ಅಂದಾಜು ಮಾಡೋ ದ್ರಾವಣ ಅದು. ಸುತ್ತಲಿನ ಮಣ್ಣಿಗಿಂತ ಕಾಲು ಭಾಗ ಹೆಚ್ಚು ಕ್ಯಾಡ್ಮಿಯಂ ಬಿಡುತ್ತಿತ್ತು. ಬೇರು ಹುಳುವಿನ ಬಿಲ ಹಿಡಿದೇ ಇಳಿದಿತ್ತು.

ಹೂ ಬಿಡೋ ಹೊತ್ತಿಗೆ ಕೊಯ್ದೆ. ಗಿಡಕ್ಕೆ ಸೇರಿದ ಒಟ್ಟು ಕ್ಯಾಡ್ಮಿಯಂ, ಹುಳು ಇಲ್ಲದ ಡ್ರಮ್ಮಿಗೆ ಹೋಲಿಸಿದರೆ ಹೆಚ್ಚುಕಡಿಮೆ ಒಂದೂವರೆ ಪಟ್ಟು. ಸತುವೂ ಏರಿತು. ಸೀಸ ಮಾತ್ರ ಬೇರು ಬಿಟ್ಟು ಮೇಲೆ ಬರಲಿಲ್ಲ. ಹರಳು ಗಿಡದಲ್ಲೂ ನೋಡಿದೆ, ಅಲ್ಲೂ ಅದೇ ಕಥೆ. ಬಿಸಿಲಲ್ಲಿ ಹುಳು ತಳಕ್ಕಿಳಿದು ಮಲಗದ ಹಾಗೆ ಏನು ಹಾಕಿದೆ ಅನ್ನೋದನ್ನ ಸದ್ಯಕ್ಕೆ ಹೇಳಲ್ಲ. ಅದಕ್ಕೆ ಒಂದು ವರ್ಷ ಹೋಗಿದೆ.

ಹುಳುವಿನಲ್ಲೂ ಅಳೆದೆ. ಒದ್ದೆ ಫಿಲ್ಟರ್ ಪೇಪರ್ ಮೇಲೆ ಎರಡು ದಿನ ಇಟ್ಟು ಹೊಟ್ಟೆ ಖಾಲಿ ಮಾಡಿಸಿ, ಇಲ್ಲದಿದ್ದರೆ ಅಳೆಯೋದು ಹೊಟ್ಟೆಯೊಳಗಿನ ಮಣ್ಣನ್ನೇ. ಮೈಯಲ್ಲಿ ಕ್ಯಾಡ್ಮಿಯಂ ಮಣ್ಣಿಗಿಂತ ಹಲವು ಪಟ್ಟು ಇತ್ತು. ಅವತ್ತೇ ಡ್ರಮ್ಮುಗಳಿಗೆ ಬಲೆ ಕಟ್ಟಿದೆ, ಮನೆ ಕೋಳಿಗಳು ಅಲ್ಲೇ ಕೆದಕುತ್ತಿದ್ದವು. ಕೊಯ್ದ ಸಾಸಿವೆ ಒಣಗಿಸಿ ಚೀಲದಲ್ಲಿ ಬಿಗಿದಿಟ್ಟಿದ್ದೇನೆ, ದನಕ್ಕೂ ಹಾಕಿಲ್ಲ, ಗೊಬ್ಬರಕ್ಕೂ ಹಾಕಿಲ್ಲ. ಇಂಥ ಮಣ್ಣಲ್ಲಿ ತಿನ್ನೋ ಸೊಪ್ಪು ಬೆಳೆಯುವವರು ಮಾತ್ರ ದಯವಿಟ್ಟು ಹೊಸದಾಗಿ ಹುಳು ತಂದು ಬಿಡಬೇಡಿ.