ಬಿಸಿಯೂಟ ಪೋಲಾಗದಿರಲು ಮೊದಲು ಬಕೆಟ್ ತೂಗಿ

ಅಡುಗೆಮನೆಯ ಗೋಡೆಯ ಮೇಲೆ ‘ಅನ್ನ ಪರಬ್ರಹ್ಮ’ ಎಂದು ಬರೆಸುವುದು ಸುಲಭ; ಆ ಗೋಡೆಯ ಹಿಂದೆ ದಿನಕ್ಕೆಷ್ಟು ಅನ್ನ ಚೆಲ್ಲುತ್ತಿದೆ ಎಂದು ಹೇಳುವುದು ಕಷ್ಟ. 2002ರಲ್ಲಿ ಏಳು ಜಿಲ್ಲೆಗಳಲ್ಲಿ ಆರಂಭವಾಗಿ ರಾಜ್ಯದಾದ್ಯಂತ ವಿಸ್ತರಿಸಿದ ಅಕ್ಷರ ದಾಸೋಹದ ಬಿಸಿಯೂಟವನ್ನು ಸುಧಾರಿಸಬಯಸುವ ಶಾಲೆ ಮೊದಲು ಒಂದು ವಾರ ತೂಕ ಮಾಡಬೇಕು. ಕೈತೊಳೆಯುವ ನಲ್ಲಿಯ ಬಳಿ ಎರಡು ಬಕೆಟ್ ಇಟ್ಟು, ತಟ್ಟೆಯಲ್ಲಿ ಉಳಿದ ಅನ್ನವನ್ನು ಒಂದಕ್ಕೆ, ಆರಿಸಿ ಬದಿಗಿಟ್ಟ ತರಕಾರಿಯನ್ನು ಇನ್ನೊಂದಕ್ಕೆ ಹಾಕಿಸಿ. ಬಡಿಸದೆ ಪಾತ್ರೆಯಲ್ಲೇ ಉಳಿದದ್ದನ್ನು ಬೇರೆಯಾಗಿ ಬರೆದಿಡಿ. ಮೂರಕ್ಕೂ ಕಾರಣ ಬೇರೆ ಬೇರೆ.

ಪಾತ್ರೆಯಲ್ಲಿ ಉಳಿಯುತ್ತಿದ್ದರೆ ಲೆಕ್ಕ ತಪ್ಪಿದೆ ಎಂದರ್ಥ. ದಾಖಲಾತಿ ನೋಡಿ ಅಕ್ಕಿ ಅಳೆಯಬಾರದು. ಬೆಳಿಗ್ಗೆ ಹಾಜರಿ ಕರೆದ ಕೂಡಲೇ, ಅಂದು ಊಟ ಮಾಡುವ ಮಕ್ಕಳ ಸಂಖ್ಯೆ ಚೀಟಿಯಲ್ಲಿ ಅಡುಗೆಯವರ ಕೈಸೇರಬೇಕು. ಜಾತ್ರೆಯ ಮರುದಿನ ಈ ಚೀಟಿಯ ಬೆಲೆ ತಿಳಿಯುತ್ತದೆ.

ತಟ್ಟೆಯಲ್ಲಿ ಅನ್ನ ಉಳಿಯುತ್ತಿದ್ದರೆ ಬಡಿಸುವ ಕ್ರಮ ಬದಲಿಸಿ. ಒಂದರಿಂದ ಐದನೆಯ ತರಗತಿಯವರೆಗೆ ಪ್ರತಿ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ನಿಗದಿಯಾಗಿದೆ. ಆರು ವರ್ಷದ ಮಗುವಿಗೂ ಹತ್ತು ವರ್ಷದ ಮಗುವಿಗೂ ಅಳತೆ ಒಂದೇ, ಹಸಿವು ಮಾತ್ರ ಒಂದೇ ಅಲ್ಲ. ಆದ್ದರಿಂದ ಚಿಕ್ಕವರಿಗೆ ಮೊದಲು ಅರ್ಧ ಸೌಟು ಬಡಿಸಿ, ಸಾಲಿನಲ್ಲಿ ಎರಡನೆಯ ಬಾರಿ, ಮೂರನೆಯ ಬಾರಿ ತಪ್ಪದೆ ಬರಬೇಕು. ಇದು ಮಗುವಿನ ಪಾಲನ್ನು ಕಡಿತಗೊಳಿಸುವ ಉಪಾಯವಾಗಬಾರದು. ಕೇಳಿದಷ್ಟು ಸಿಗುತ್ತದೆಂಬ ನಂಬಿಕೆ ಬಂದ ಮೇಲೆಯೇ ಮಗು ಮೊದಲಿಗೆ ಕಡಿಮೆ ಹಾಕಿಸಿಕೊಳ್ಳುತ್ತದೆ.

ನಿಜವಾದ ತೊಡಕಿರುವುದು ತರಕಾರಿಯ ಬಕೆಟ್ಟಿನಲ್ಲಿ. ಸಾಂಬಾರಿನ ದಪ್ಪ ಬದನೆ ಹೋಳು, ನಾರುನಾರಾದ ಬೀನ್ಸ್, ಅರೆಬೆಂದ ಕ್ಯಾರೆಟ್ ತಟ್ಟೆಯ ಅಂಚಿಗೆ ಸರಿಯುತ್ತವೆ, ಅವುಗಳೊಂದಿಗೆ ಪೌಷ್ಟಿಕತೆಯೂ ಸರಿಯುತ್ತದೆ. ಹೋಳುಗಳನ್ನು ಮಗುವಿನ ತುತ್ತಿಗೆ ಹೊಂದುವಷ್ಟು ಸಣ್ಣದಾಗಿ ಕತ್ತರಿಸಿ. ಸೊಪ್ಪನ್ನು ಬೇಳೆಯೊಂದಿಗೆ ಬೇಯಿಸಿ ಮಸೆದು ಮಸ್ಸೊಪ್ಪು ಮಾಡಿದರೆ ಆರಿಸಿ ಬಿಸಾಡಲು ಏನೂ ಉಳಿಯುವುದಿಲ್ಲ. ಆದರೆ ಎಲ್ಲವನ್ನೂ ಹೀಗೆ ಅಡಗಿಸಿದರೆ ಮಗು ತರಕಾರಿಯ ರುಚಿಯನ್ನೇ ಕಲಿಯದು. ವಾರಕ್ಕೊಂದು ದಿನವಾದರೂ ಪಲ್ಯವನ್ನು ಪಲ್ಯವಾಗಿಯೇ ಬಡಿಸಿ. ಹೊಸ ತರಕಾರಿಯನ್ನು ಮೊದಲ ದಿನ ತಿನ್ನದಿದ್ದರೆ ಬಲವಂತ ಮಾಡದೆ ಕೆಲವು ದಿನ ಬಿಟ್ಟು ಮತ್ತೆ ಒಂದು ಚಮಚದಷ್ಟು ಹಾಕಿ. ಶಾಲಾ ಕೈತೋಟವಿದ್ದರೆ, ತಾವೇ ನೀರೆರೆದ ಹರಿವೆ ಸೊಪ್ಪನ್ನು ಮಕ್ಕಳಿಂದಲೇ ಕೊಯ್ಯಿಸಿ ಅಡುಗೆಮನೆಗೆ ಕೊಡಿಸಿ.

ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಬೇಕೆಂಬುದು ನಿಯಮ. ಒಂದು ಚಮಚ ನಾಲಿಗೆಗೆ ಹಚ್ಚಿ ಪುಸ್ತಕದಲ್ಲಿ ಸಹಿ ಹಾಕುವುದಕ್ಕಿಂತ, ಒಬ್ಬ ಶಿಕ್ಷಕರು ದಿನವೂ ಪಂಕ್ತಿಯಲ್ಲಿ ಕುಳಿತು ಉಂಡರೆ ಉಪ್ಪು, ಖಾರ, ಬೇಯುವಿಕೆ ಮೂರೂ ತಾವಾಗಿ ಸರಿಹೋಗುತ್ತವೆ. ಮೊಟ್ಟೆ ಬೇಡವೆನ್ನುವ ಮಕ್ಕಳ ಸಂಖ್ಯೆಯನ್ನು ಹಿಂದಿನ ದಿನವೇ ಕೇಳಿ ಬಾಳೆಹಣ್ಣು ತರಿಸಿ.

ಇಷ್ಟಾದರೂ ಉಳಿಯುವ ಎಂಜಲನ್ನು ಒಣ ಎಲೆಗಳೊಂದಿಗೆ ಪದರಪದರವಾಗಿ ಗೊಬ್ಬರದ ಗುಂಡಿಗೆ ಹಾಕಿ. ಒಂದು ತಿಂಗಳ ನಂತರ ಮತ್ತೊಂದು ವಾರ ಬಕೆಟ್ ತೂಗಿ, ಎರಡೂ ವಾರಗಳ ಲೆಕ್ಕವನ್ನು ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಇಡಿ. ಆ ಸಭೆಗೆ ಅಡುಗೆಯವರನ್ನೂ ಕರೆಯಿರಿ.