ಕಾರ್ ಟೆಕ್ನಿಶಿಯನ್ ಕೆಲಸ ನಾನು ಕಲಿತದ್ದು ಹೀಗೆ

ಎಸ್ಸೆಸ್ಸೆಲ್ಸಿ ಮುಗಿಸಿ, ಗಾಡಿ ಹುಚ್ಚು ತಲೆಗೆ ಹಿಡಿದು, ಮುಂದೆ ಎಂತ ಮಾಡುದು ಅಂತ ಕೇಳುವ ಹುಡುಗ್ರು ನನಗೆ ಸುಮಾರು ಜನ ಸಿಗ್ತಾರೆ. ಒಬ್ಬೊಬ್ಬರಿಗೆ ಫೋನಲ್ಲಿ ಹೇಳಿ ಹೇಳಿ ಸಾಕಾಯ್ತು, ಹಾಗಾಗಿ ಒಂದೇ ಸಲ ಬರ್ದು ಹಾಕ್ತಾ ಇದ್ದೇನೆ. ನಾನೀಗ ಮಂಗ್ಳೂರಲ್ಲಿ ಒಂದು ಡೀಲರ್ ವರ್ಕ್‌ಶಾಪಲ್ಲಿ ಟೆಕ್ನಿಶಿಯನ್, ಮನೆ ಮೂಲ್ಕಿ ಕಡೆ, ಬೆಳಿಗ್ಗೆ ಸರ್ವಿಸ್ ಬಸ್ಸಲ್ಲಿ ನೇತಾಡಿಕೊಂಡು ಬರುದು.

ಮೊದ್ಲೇ ಹೇಳ್ತೇನೆ, ಆಯಿಲ್ ಚೇಂಜ್ ಮಾಡ್ಲಿಕ್ಕೆ, ಬ್ರೇಕ್ ಪ್ಯಾಡ್ ಹಾಕ್ಲಿಕ್ಕೆ, ಫಿಲ್ಟರ್ ಬದಲಾಯಿಸ್ಲಿಕ್ಕೆ ಯಾರಿಗಾದ್ರೂ ಕೆಲವು ತಿಂಗಳಲ್ಲಿ ಬರ್ತದೆ. ಕಷ್ಟ ಇರುದು ಪಾರ್ಟ್ ಬಿಚ್ಚುವ ಮೊದ್ಲು ಅಳತೆ ಮಾಡಿ ನೋಡುವ ಅಭ್ಯಾಸ ಮಾಡಿಕೊಳ್ಳುದರಲ್ಲಿ. ಅದು ಕೈಗೆ ಹತ್ತಿದ ಮೇಲೆಯೇ ವರ್ಕ್‌ಶಾಪಲ್ಲಿ ನಿಮ್ಮ ಹೆಸರು ಹಿಡಿದು ಕಸ್ಟಮರ್ ಕೇಳ್ಲಿಕ್ಕೆ ಶುರು ಮಾಡುದು.

ಕೋರ್ಸ್ ವಿಷಯಕ್ಕೆ ಬರ್ತೇನೆ. ಐಟಿಐಯಲ್ಲಿ ಮೆಕ್ಯಾನಿಕ್ ಮೋಟಾರ್ ವೆಹಿಕಲ್ ಅಂತ ಟ್ರೇಡ್ ಉಂಟು, ಎಂಎಂವಿ ಅಂತ ಕರೀತಾರೆ, 2 ವರ್ಷ. ಮೆಕ್ಯಾನಿಕ್ ಡೀಸೆಲ್ ಆದ್ರೆ 1 ವರ್ಷ. ಮಂಗ್ಳೂರಲ್ಲಿ ಕದ್ರಿಯಲ್ಲಿ ಸರ್ಕಾರಿ ಐಟಿಐ ಉಂಟು, ಕೆಪಿಟಿ ಅಂದ್ರೆ ಡಿಪ್ಲೊಮಾ ಕಲಿಸುವ ಕರ್ನಾಟಕ ಪಾಲಿಟೆಕ್ನಿಕ್, ಅದೂ ಅಲ್ಲೇ ಹತ್ರ, ಒಂದೇ ದಿನ ಎರಡೂ ಕಡೆ ಹೋಗಿ ವಿಚಾರಿಸಿ ಬರ್ಬಹುದು. ಐಟಿಐ ಪಾಸಾದ ಮೇಲೆ ಡಿಪ್ಲೊಮಾ ಬೇಕು ಅನ್ನಿಸಿದ್ರೆ ಲ್ಯಾಟರಲ್ ಎಂಟ್ರಿಯಲ್ಲಿ ಸೀದಾ ಎರಡನೇ ವರ್ಷಕ್ಕೆ ಸೇರ್ಲಿಕ್ಕೆ ಆಗ್ತದೆ, ಇದು ತುಂಬಾ ಜನರಿಗೆ ಗೊತ್ತೇ ಇಲ್ಲ. ನಮ್ಮ ಮನೆಯಲ್ಲಿ ಅಪ್ಪನಿಗೆ ಪಿಯುಸಿ ಸೈನ್ಸ್ ಆಗ್ಬೇಕಿತ್ತು, ಅಮ್ಮ ಅಂತೂ "ಗ್ರೀಸ್ ಮೆತ್ತಿಕೊಂಡು ಬರುವ ಕೆಲಸಕ್ಕೆ ಓದ್ಲಿಕ್ಕೆ ಎಂತ ಉಂಟು ಮಗಾ" ಅಂತ ಕೇಳಿದ್ರು. ಓದ್ಲಿಕ್ಕೆ ಬೇಕಾದಷ್ಟು ಉಂಟು ಅಂತ ಸೇರಿದ ಮೇಲೆ ನನಗೇ ಗೊತ್ತಾದದ್ದು.

ಶುರುವಿನಲ್ಲಿ ಎಂಜಿನ್ ಮುಟ್ಲಿಕ್ಕೂ ಸಿಗುದಿಲ್ಲ. ಕಬ್ಬಿಣದ ತುಂಡು ವೈಸಲ್ಲಿ ಕಚ್ಚಿಸಿ ಅರ ಹಾಕು, ಚೌಕ ಮಾಡು, ಟ್ರೈ ಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿ, ಸಂದಿಯಲ್ಲಿ ಬೆಳಕು ಕಾಣ್ತದಾ, ಮತ್ತೆ ಅರ ಹಾಕು. ಅಂಗೈಯಲ್ಲಿ ಗುಳ್ಳೆ ಬರ್ತದೆ. ಕಾರ್ ಕಲೀಲಿಕ್ಕೆ ಬಂದವನಿಗೆ ಇದೆಂತ ಶಿಕ್ಷೆ ಅಂತ ಅರ್ಧ ಕ್ಲಾಸ್ ಬೈತಿತ್ತು. ಆಮೇಲೆ ವರ್ನಿಯರ್, ಮೈಕ್ರೋಮೀಟರ್, ಬೋರ್ ಗೇಜ್ ಅಂತ ಸೂಕ್ಷ್ಮ ಅಳತೆಯ ಟೂಲ್ಸ್ ಕೈಗೆ ಬಂತು, ಸಿಲಿಂಡರ್ ಒಳಗೆ ಮೇಲೆ, ನಡುವೆ, ಕೆಳಗೆ ಅಳೆದು, ಅಡ್ಡಕ್ಕೂ ಉದ್ದಕ್ಕೂ ಅಳೆದು, ಎಷ್ಟು ಸವೆದಿದೆ, ಉರುಟಾಗಿ ಉಂಟಾ ಇಲ್ಲ ಮೊಟ್ಟೆಯ ಹಾಗೆ ಆಗಿದೆಯಾ ಅಂತ ಬರೀಬೇಕು. ಅಲ್ಲಿ ಆ ಅರ ಹಾಕಿದ್ದರ ಬೆಲೆ ಗೊತ್ತಾಯ್ತು, ಯಾಕಂದ್ರೆ ಕೂದಲಷ್ಟು ವ್ಯತ್ಯಾಸ ಅಂದ್ರೆ ಎಷ್ಟು ಅಂತ ಬೆರಳಿಗೆ ಅಷ್ಟರಲ್ಲಿ ತಿಳಿದಿತ್ತು. ಡ್ರಾಯಿಂಗ್, ಕ್ಯಾಲ್ಕುಲೇಶನ್ ಎಲ್ಲ ಉಂಟು, ಬೋರು ಆದ್ರೂ ಬಿಡ್ಬೇಡಿ, ವೈರಿಂಗ್ ಡಯಾಗ್ರಾಂ ಓದುವಾಗ ಉಪಯೋಗಕ್ಕೆ ಬರ್ತದೆ.

ಐಟಿಐ ಮುಗಿದ ಮೇಲೆ ಅಪ್ರೆಂಟಿಸ್. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ಅಗ್ರಿಮೆಂಟ್ ರಿಜಿಸ್ಟರ್ ಮಾಡಿಸಿದ್ರೆ ಸ್ಟೈಪೆಂಡ್ ಸಿಗ್ತದೆ, ಕೊನೆಗೆ ಪರೀಕ್ಷೆ ಬರ್ದು ಪಾಸಾದ್ರೆ ನ್ಯಾಶನಲ್ ಅಪ್ರೆಂಟಿಸ್‌ಶಿಪ್ ಸರ್ಟಿಫಿಕೇಟ್. "ಸುಮ್ನೆ ಬಂದು ಕೆಲಸ ಕಲಿ, ಮತ್ತೆ ನೋಡುವ" ಅಂತ ಹೇಳಿದ ಕಡೆ ನನ್ನ ಫ್ರೆಂಡ್ಸ್ ಕೆಲವರು ಹೋದ್ರು, ಕೈಯಲ್ಲಿ ಒಂದು ಕಾಗದವೂ ಇಲ್ಲದೆ ವರ್ಷ ಕಳೀತು. ಗಲ್ಫಿಗೆ ಹೋಗುವ ಆಸೆ ಇದ್ದವರಿಗೆ ಈ ಕಾಗದವೇ ಬೇಕಾಗುದು, ನಮ್ಮ ಊರಲ್ಲಿ ಆ ಆಸೆ ಯಾರಿಗಿಲ್ಲ ಹೇಳಿ.

ವರ್ಕ್‌ಶಾಪಲ್ಲಿ ನನ್ನನ್ನು ಒಬ್ರು ಸೀನಿಯರ್ ಅಣ್ಣನ ಜೊತೆ ಹಾಕಿದ್ರು. ಫ್ಲೋರಲ್ಲಿ ಮಾತೆಲ್ಲ ತುಳು, ಜಾಬ್ ಕಾರ್ಡ್ ಇಂಗ್ಲಿಷು, ಬಿಹಾರದ ಹುಡುಗ್ರ ಜೊತೆ ಹಿಂದಿ. ಅಣ್ಣ ಬಾಯಲ್ಲಿ ಹೇಳಿ ಕೊಡುವ ಜನ ಅಲ್ಲ. ವೀಲ್ ನಟ್ ಕೈಯಲ್ಲಿ ಟೈಟ್ ಮಾಡಿದ್ದು ಕಂಡ್ರೆ ಏನೂ ಮಾತಾಡದೆ ಟಾರ್ಕ್ ರೆಂಚ್ (ಎಷ್ಟು ಬಲದಲ್ಲಿ ಟೈಟ್ ಆಯ್ತು ಅಂತ ಅಳೆಯುವ ಸ್ಪ್ಯಾನರ್) ತಂದು ನನ್ನ ಎದುರು ಇಟ್ಟು ಹೋಗ್ತಿದ್ರು, ಅಷ್ಟೇ. ಎಷ್ಟಕ್ಕೆ ಸೆಟ್ ಮಾಡ್ಬೇಕು ಅಂತ ಕೇಳಿದ್ರೆ "ಮ್ಯಾನುಯಲ್ ಉಂಟಲ್ಲ ಮಾರಾಯ". ಆಗ ಕೋಪ ಬರ್ತಿತ್ತು.

ಅವರ ಕೈಯಲ್ಲಿ ಕಲಿತದ್ರಲ್ಲಿ ನನಗೆ ಈಗಲೂ ದಿನಾ ಉಪಯೋಗ ಆಗುದು ವೋಲ್ಟೇಜ್ ಡ್ರಾಪ್ ಟೆಸ್ಟ್, ಅಂದ್ರೆ ಕರೆಂಟ್ ಓಡುವಾಗ ವಯರಲ್ಲಿ, ಜಾಯಿಂಟಲ್ಲಿ ಎಷ್ಟು ವೋಲ್ಟೇಜ್ ಕಳೆದು ಹೋಗ್ತದೆ ಅಂತ ನೋಡುದು. ಒಂದು ಮಳೆಗಾಲದಲ್ಲಿ ಹಳೇ ಹ್ಯಾಚ್‌ಬ್ಯಾಕ್ ಒಂದು ಬಂತು, ಬೆಳಿಗ್ಗೆ ಸೆಲ್ಫ್ ಹೊಡೆದ್ರೆ ಗುರ್ ಗುರ್ ಅಂತ ನಿಧಾನ ತಿರುಗ್ತದೆ, ಸ್ಟಾರ್ಟ್ ಆಗುದಿಲ್ಲ. ಹೊರಗೆ ಎಲ್ಲೋ ಆಗ್ಲೇ ಹೊಸ ಬ್ಯಾಟರಿ ಹಾಕಿಸಿದ್ರು, ಅದೇ ಕಂಪ್ಲೇಂಟ್, ಈಗ ಸ್ಟಾರ್ಟರ್ ಮೋಟಾರ್ ಹೋಗಿದೆ ಅಂತ ಹೇಳಿ ಕಳಿಸಿದ್ರಂತೆ. ಅಣ್ಣ ಬ್ಯಾಟರಿ ವೋಲ್ಟೇಜ್ ನೋಡಿದ್ರು, 12.6, ಫುಲ್. ಮತ್ತೆ ಮಲ್ಟಿಮೀಟರಿನ ಒಂದು ವಯರ್ ಬ್ಯಾಟರಿ ನೆಗೆಟಿವ್ ಮೇಲೆ, ಇನ್ನೊಂದು ಎಂಜಿನ್ ಬ್ಲಾಕಿನ ಮೇಲೆ ಒತ್ತಿ ಹಿಡಿದು ನನಗೆ ಸೆಲ್ಫ್ ಹೊಡೀಲಿಕ್ಕೆ ಹೇಳಿದ್ರು. ಅರ್ಥ್ ಸರಿ ಇದ್ರೆ ಕ್ರ್ಯಾಂಕ್ ಆಗುವಾಗ ಅಲ್ಲಿ ಅರ್ಧ ವೋಲ್ಟಿಗಿಂತ ಕಡಿಮೆ ಇರ್ಬೇಕು, ಒಳ್ಳೆ ಗಾಡಿಯಲ್ಲಿ 0.2ರ ಆಸುಪಾಸು. ಇಲ್ಲಿ ಒಂದೂವರೆ ದಾಟಿತ್ತು. ಅಂದ್ರೆ ಸ್ಟಾರ್ಟರಿಗೆ ಸಿಗ್ಬೇಕಾದ ವೋಲ್ಟೇಜ್ ಅರ್ಥ್ ಕೇಬಲಲ್ಲೇ ತಿಂದು ಹೋಗ್ತಾ ಉಂಟು. ಕೇಬಲ್ ಹಿಡಿದುಕೊಂಡು ಹೋದ್ರೆ ಗಾಡಿಯ ಬಾಡಿ ಮೇಲೆ ಬೋಲ್ಟ್ ಹಾಕಿದ ಜಾಗದಲ್ಲಿ ಕೇಬಲ್ ತುದಿಯ ಲಗ್ ಅಡಿ ಪೂರ್ತಿ ತುಕ್ಕು, ಮೇಲಿಂದ ನೋಡಿದ್ರೆ ಏನೂ ಕಾಣುದಿಲ್ಲ. ಬಿಚ್ಚಿ, ಎಮರಿ ಪೇಪರಲ್ಲಿ ಉಜ್ಜಿ ಹೊಳೆಯುವ ಹಾಗೆ ಮಾಡಿ, ಟೈಟ್ ಮಾಡಿ, ಮೇಲಿಂದ ಪೆಟ್ರೋಲಿಯಂ ಜೆಲ್ಲಿ ಬಳಿದು ಬಿಟ್ರು. ಒಂದೇ ಸೆಲ್ಫಿಗೆ ಸ್ಟಾರ್ಟ್. ಆ ಕಸ್ಟಮರಿನ ಮುಖ ನೋಡ್ಬೇಕಿತ್ತು, ಖುಷಿಯಾ ಹೊಸ ಬ್ಯಾಟರಿಯ ದುಡ್ಡಿನ ಸಂಕಟವಾ ಗೊತ್ತಾಗ್ಲಿಲ್ಲ.

ನಮ್ಮ ಕರಾವಳಿಯಲ್ಲಿ ಇಂಥದ್ದು ಭಾರೀ ಸಾಮಾನ್ಯ. ಸಮುದ್ರದ ಉಪ್ಪು ಗಾಳಿ, ಜೂನಿಂದ ಸೆಪ್ಟೆಂಬರ್ ವರೆಗೆ ಸುರಿಯುವ ಮಳೆ, ಸಾಲದಕ್ಕೆ ಹೈವೇಯಲ್ಲಿ ಮೀನಿನ ಲಾರಿಯಿಂದ ಸೋರುವ ಉಪ್ಪುನೀರು. ಘಟ್ಟದ ಮೇಲಿನ ಗಾಡಿಯ ಅಡಿಭಾಗಕ್ಕೂ ನಮ್ಮಲ್ಲಿನ ಗಾಡಿಯ ಅಡಿಭಾಗಕ್ಕೂ ಲಿಫ್ಟಿಗೆ ಹಾಕಿದ ಕೂಡಲೇ ವ್ಯತ್ಯಾಸ ಹೇಳ್ಬಹುದು. ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರಿನ ಸ್ಲೈಡ್ ಪಿನ್ ಜಾಮ್ ಆಗಿ ಒಂದೇ ಬದಿಯ ಪ್ಯಾಡ್ ಸವೆದು ಬರುದು, ಸೈಲೆನ್ಸರ್ ತೂತು, ಕನೆಕ್ಟರ್ ಒಳಗೆ ಹಸಿರು ಪಾಚಿಯ ಹಾಗೆ ಹಿಡಿದದ್ದು. ಇಲಿ ಬೇರೆ. ಬಾನೆಟ್ ಒಳಗೆ ಹೊಗೆಸೊಪ್ಪು ಕಟ್ಟಿಕೊಂಡು ಬರುವ ಗಾಡಿ ವಾರಕ್ಕೊಂದಾದ್ರೂ ಇರ್ತದೆ, ಕೆಲವು ಇಲಿಗೆ ಅದೂ ಲೆಕ್ಕಕ್ಕಿಲ್ಲ.

ಬ್ರೇಕ್ ಆಯಿಲ್ ಬಗ್ಗೆ ಮಾತ್ರ ಸ್ವಲ್ಪ ಜೋರಾಗಿ ಹೇಳ್ತೇನೆ. ಅದು ಗಾಳಿಯ ತೇವ ಹೀರ್ತದೆ. ಡಾಟ್ 4 ಗ್ರೇಡಿನದ್ದು ಆದ್ರೆ ಹೊಸತರಲ್ಲಿ ಕುದಿಯುವ ಬಿಂದು ಕನಿಷ್ಠ 230 ಡಿಗ್ರಿ ಇರ್ಬೇಕು, ನೀರು ಹಿಡಿದ ಮೇಲಿನ ಲೆಕ್ಕ 155. ನಮ್ಮ ಹವೆಯಲ್ಲಿ ವರ್ಷಗಟ್ಟಲೆ ಬದಲಾಯಿಸದ ಆಯಿಲ್ ಹಾಕಿಕೊಂಡು ಶಿರಾಡಿ ಇಲ್ಲ ಆಗುಂಬೆ ಇಳಿಯುವಾಗ ಕಾಲು ಪೆಡಲಿಂದ ತೆಗೀದೆ ಬಂದ್ರೆ ಆಯಿಲ್ ಕುದ್ದು ಆವಿ ಆಗ್ತದೆ, ಆವಿಯನ್ನು ಒತ್ಲಿಕ್ಕೆ ಆಗ್ತದೆ, ಪೆಡಲ್ ಸೀದಾ ಕೆಳಗೆ ಹೋಗ್ತದೆ. ಕಸ್ಟಮರ್ "ಬ್ರೇಕ್ ಆಯಿಲ್ ಇನ್ನೂ ಫುಲ್ ಉಂಟಲ್ಲ, ಯಾಕೆ ಚೇಂಜ್" ಅಂತ ಕೇಳ್ತಾರೆ. ಲೆವೆಲ್ ಬೇರೆ, ತೇವ ಬೇರೆ ಅಂತ ಟೆಸ್ಟರ್ ಅದ್ದಿ ತೋರಿಸಿದ್ರೆ ಒಪ್ಪುತ್ತಾರೆ.

ಕೇಳುದೂ ಒಂದು ಅಳತೆಯೇ. "ಸೌಂಡ್ ಬರ್ತದೆ ಮಾರಾಯ್ರೆ" ಅಂತ ಬರ್ತಾರೆ. ಯಾವಾಗ? ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟಕಟಕ ಅಂದ್ರೆ ಡ್ರೈವ್ ಶಾಫ್ಟಿನ ಹೊರಗಿನ ಜಾಯಿಂಟ್ ಮೇಲೆ ನನ್ನ ಮೊದಲ ಸಂಶಯ. ಸಣ್ಣ ಸಣ್ಣ ಗುಂಡಿಯಲ್ಲಿ ಕಟಕಟ ಅಂದ್ರೆ ಸ್ಟೆಬಿಲೈಸರ್ ಲಿಂಕ್. ಸ್ಪೀಡ್ ಏರಿದ ಹಾಗೆ ಗುಂಯ್ ಅಂತ ಜಾಸ್ತಿ ಆಗಿ, ಗಾಡಿ ಒಂದು ಬದಿಗೆ ವಾಲಿಸಿದಾಗ ಸದ್ದು ಬದಲಾದ್ರೆ ವೀಲ್ ಬೇರಿಂಗ್, ಮಳೆನೀರು ನಿಂತ ರೋಡಲ್ಲಿ ಓಡಾಡಿದ ಗಾಡಿಗಳಲ್ಲಿ ಇದು ಜಾಸ್ತಿ. ಕಸ್ಟಮರ್ ಹತ್ರ ಕಂಪ್ಲೇಂಟ್ ಕೇಳುವ ಸರ್ವಿಸ್ ಅಡ್ವೈಸರ್ ಬರ್ದ "ನಾಯ್ಸ್" ಅನ್ನುವ ಒಂದು ಶಬ್ದದಿಂದ ಇದೆಲ್ಲ ಗೊತ್ತಾಗುದಿಲ್ಲ, ಹಾಗಾಗಿ ನಾನು ಆದಷ್ಟು ಕಸ್ಟಮರ್ ಜೊತೆಗೇ ಒಂದು ರೌಂಡ್ ಹೋಗಿ ಬರ್ತೇನೆ. ತುಳುವರ ಜೊತೆ ತುಳುವಿನಲ್ಲಿ, ಕೊಂಕಣಿಯವರ ಜೊತೆ ನನಗೆ ಬರುವ ಹರಕು ಕೊಂಕಣಿಯಲ್ಲಿ ಕೇಳಿದ್ರೆ ಇನ್ನೂ ಸರಿಯಾಗಿ ಹೇಳ್ತಾರೆ.

ಗಾಡಿಯ ಕಂಪ್ಯೂಟರಿಂದ ಫಾಲ್ಟ್ ಕೋಡ್ ಓದುವ ಸ್ಕ್ಯಾನರ್ ಇದ್ರೆ ಎಲ್ಲ ಅದೇ ಹೇಳ್ತದೆ ಅಂತ ಹೊಸ ಹುಡುಗ್ರು ನಂಬಿದ್ದಾರೆ. ಪಿ0171 ಅಂತ ಕೋಡ್ ಬಂತು ಅಂದ್ರೆ ಮಿಕ್ಸ್ಚರಲ್ಲಿ ಪೆಟ್ರೋಲ್ ಕಡಿಮೆ ಅಂತ ಅಷ್ಟೇ ಅರ್ಥ. ಇನ್‌ಟೇಕಲ್ಲಿ ಪೈಪ್ ಬಿರುಕು ಬಿಟ್ಟಿರ್ಬಹುದು, ಪಂಪ್ ಪ್ರೆಶರ್ ಕಡಿಮೆ ಇರ್ಬಹುದು, ಇವರು ಮಾತ್ರ ಸೀದಾ ಹೋಗಿ ಆಕ್ಸಿಜನ್ ಸೆನ್ಸರ್ ಆರ್ಡರ್ ಮಾಡ್ತಾರೆ. ಇಸಿಯು, ಅಂದ್ರೆ ಗಾಡಿಯ ಆ ಕಂಪ್ಯೂಟರ್ ಜೊತೆ ಸ್ಕ್ಯಾನರ್ ಕನೆಕ್ಟೇ ಆಗದಿದ್ರೆ ಬ್ಯಾಟರಿ ಕಳಚಿ ಸ್ಕ್ಯಾನರ್ ಚುಚ್ಚುವ ಒಬಿಡಿ ಸಾಕೆಟಿನ 6 ಮತ್ತು 14ನೇ ಪಿನ್ ನಡುವೆ ಓಮ್ಸ್ ನೋಡಿ. ಹೆಚ್ಚಿನ ಗಾಡಿಗಳಲ್ಲಿ 60ರ ಹತ್ರ ಬರ್ಬೇಕು, ಯಾಕಂದ್ರೆ ಗಾಡಿಯ ಕಂಪ್ಯೂಟರ್‌ಗಳು ಒಂದಕ್ಕೊಂದು ಮಾತಾಡುವ ಕ್ಯಾನ್ ಲೈನಿನ ಎರಡು ತುದಿಯಲ್ಲಿ 120ರ ಎರಡು ರೆಸಿಸ್ಟರ್ ಪ್ಯಾರಲಲ್ ಇರ್ತವೆ. 120 ಬಂದ್ರೆ ಒಂದು ಬದಿ ಕಟ್ ಅಂತ ಹುಡುಕ್ಲಿಕ್ಕೆ ಶುರು ಮಾಡ್ಬಹುದು. 2020ರ ಏಪ್ರಿಲಿಂದ ಬಿಎಸ್6 ಅನ್ನುವ ಹೊಗೆ ನಿಯಮ ಬಂದ ಮೇಲೆ ಗಾಡಿಯಲ್ಲಿ ಸೆನ್ಸರ್ ಜಾಸ್ತಿ, ಎಲೆಕ್ಟ್ರಿಕಲ್ ಗೊತ್ತಿಲ್ಲದವನಿಗೆ ವಾಶಿಂಗ್ ಮತ್ತು ಆಯಿಲ್ ಚೇಂಜೇ ಗತಿ.

ಸಂಬಳದ ವಿಷಯ. ಶುರುವಿಗೆ ಕಡಿಮೆ, ಸುಳ್ಳು ಹೇಳುದಿಲ್ಲ, ಬಸ್ ಪಾಸ್, ಊಟ, ಶೂ ಕಳೆದ್ರೆ ಮನೆಗೆ ಕೊಡ್ಲಿಕ್ಕೆ ಹೆಚ್ಚೇನೂ ಉಳಿಯುದಿಲ್ಲ. ಮೊದಲ ಎರಡ್ಮೂರು ವರ್ಷ ತಡ್ಕೊಂಡವನು ಉಳೀತಾನೆ. ಸೊಂಟ, ಮೊಣಕಾಲು ನೋಡಿಕೊಳ್ಳಿ, ಜ್ಯಾಕ್ ಹಾಕಿ ಸ್ಟ್ಯಾಂಡ್ ಇಡದೆ ಗಾಡಿಯ ಅಡಿಗೆ ನುಗ್ಗುವ ಶೂರರನ್ನು ಮಾದರಿ ಮಾಡ್ಬೇಡಿ.

ಈಗ ಇವಿ, ಅಂದ್ರೆ ಎಲೆಕ್ಟ್ರಿಕ್ ಗಾಡಿಯ ಟ್ರೈನಿಂಗಿಗೆ ಹೋಗಿ ಬಂದೆ. ಕಿತ್ತಳೆ ಬಣ್ಣದ ಹೈ ವೋಲ್ಟೇಜ್ ಕೇಬಲ್ ಕಂಡ್ರೆ ಕೈ ಹಿಂದೆ, 1000 ವೋಲ್ಟಿನ ರಬ್ಬರ್ ಗ್ಲೌಸ್ ಹಾಕುವ ಮೊದ್ಲು ಅದ್ರಲ್ಲಿ ಗಾಳಿ ತುಂಬಿಸಿ ಸುರುಳಿ ಸುತ್ತಿ ತೂತು ಉಂಟಾ ನೋಡು, ದೊಡ್ಡ ಬ್ಯಾಟರಿಯ ಕನೆಕ್ಷನ್ ಕಡಿಯುವ ಸರ್ವಿಸ್ ಪ್ಲಗ್ ತೆಗೆದ ಮೇಲೆ ಮ್ಯಾನುಯಲಲ್ಲಿ ಹೇಳಿದಷ್ಟು ಹೊತ್ತು ಕಾದು, ಮೀಟರ್ ಇಟ್ಟು ಸೊನ್ನೆ ಅಂತ ನೋಡಿಯೇ ಮುಂದಿನ ಕೆಲಸ. ಅಲ್ಲಿ ನಮ್ಮ ಹಳೇ ಸೀನಿಯರ್ಸ್ ಕೆಲವರು ಒದ್ದಾಡಿದ್ರು, ಐಟಿಐಯಿಂದ ಹೊಸತಾಗಿ ಬಂದ ಒಬ್ಳು ಹುಡುಗಿ ಎಲ್ಲರಿಗಿಂತ ಮೊದ್ಲು ಮುಗಿಸಿದ್ಳು.

ಟೂಲ್ಸ್ ತೆಗೊಳ್ಳುದಿದ್ರೆ ಶುರುವಿಗೇ ದೊಡ್ಡ ಪೆಟ್ಟಿಗೆ ಬೇಡ, ಸ್ಪ್ಯಾನರ್ ಎಲ್ಲ ವರ್ಕ್‌ಶಾಪಲ್ಲಿ ಇರ್ತದೆ. ಒಳ್ಳೆ ಮಲ್ಟಿಮೀಟರ್, ಟೆಸ್ಟ್ ಲ್ಯಾಂಪ್, ಹಣೆಗೆ ಕಟ್ಟುವ ಟಾರ್ಚ್, ಬಿದ್ದ ನಟ್ ಎತ್ಲಿಕ್ಕೆ ಮ್ಯಾಗ್ನೆಟ್ ಕಡ್ಡಿ, ಇಷ್ಟು ಸ್ವಂತದ್ದು ಇರ್ಲಿ. ಮತ್ತೆ ಅದ್ರ ಮೇಲೆ ಪೇಂಟಲ್ಲಿ ಹೆಸರು ಬರೀರಿ, ಇಲ್ಲದಿದ್ರೆ ಟೆಸ್ಟ್ ಲ್ಯಾಂಪ್ ಮರುದಿನ ಪಕ್ಕದ ಬೇಯಲ್ಲಿ ಇರ್ತದೆ.