ಕೈಗೆ ಬರೋ ಸಂಬಳ ತಿಂಗಳು ತಿಂಗಳು ಯಾಕೆ ಏರುಪೇರಾಗುತ್ತೆ: ನಾನು ಲೆಕ್ಕ ಹಿಡಿಯೋ ರೀತಿ

ಬ್ಯಾಂಕಿಂದ ಬರೋ ಮೆಸೇಜ್ ನೋಡಿ ಸಂಬಳ ಕಡಿಮೆ ಬಂತು ಅಂತ ತಲೆ ಕೆಡಿಸ್ಕೊಂಡ್ರೆ ಏನೂ ಗೊತ್ತಾಗಲ್ಲ. ನಾನು ಈ ತಿಂಗಳದ್ದು, ಹೋದ ತಿಂಗಳದ್ದು ಎರಡೂ ಪೇಸ್ಲಿಪ್ ಪಕ್ಕಪಕ್ಕ ಇಟ್ಕೊಂಡು ಒಂದೊಂದೇ ಸಾಲು ನೋಡ್ತಾ ಹೋಗ್ತೀನಿ, ಯಾವ ಸಾಲು ಬದಲಾಗಿದೆಯೋ ಅದಕ್ಕೆ ಪೆನ್ನಲ್ಲಿ ಗುರುತು ಹಾಕ್ತೀನಿ, ಮಿಕ್ಕಿದ್ದರ ತಂಟೆಗೆ ಹೋಗಲ್ಲ.

ಮೊದಲು ನೋಡಬೇಕಾದ್ದು ದುಡ್ಡಿನ ಕಾಲಂ ಅಲ್ಲ, ಮೇಲ್ಗಡೆ ಪೇಯ್ಡ್ ಡೇಸ್ (ಸಂಬಳ ಸಿಗೋ ದಿನಗಳು), ಎಲ್‌ಒಪಿ (ಸಂಬಳ ಇಲ್ಲದ ರಜೆ) ಅಂತ ಇರುತ್ತಲ್ಲ, ಅದು. ಗ್ರಾಸ್, ಅಂದ್ರೆ ಕಡಿತಕ್ಕೆ ಮುಂಚಿನ ಒಟ್ಟು ಸಂಬಳ 42,000, ಅದರಲ್ಲಿ ಬೇಸಿಕ್ (ಮೂಲ ವೇತನ) 21,000 ಅಂತ ಇಟ್ಕೊಳ್ಳಿ. ತಿಂಗಳಲ್ಲಿ ಎಷ್ಟು ದಿನ ಇದೆಯೋ ಅಷ್ಟರಿಂದ ಭಾಗಿಸೋ ಕಡೆ, ಸಂಬಳ ಇಲ್ಲದ ರಜೆ ಒಂದು ದಿನ ಬಿದ್ರೆ 30 ದಿನದ ತಿಂಗಳಲ್ಲಿ 1,400 ಹೋಗುತ್ತೆ, 28 ದಿನದ ಫೆಬ್ರವರಿಯಲ್ಲಿ ಅದೇ ಒಂದು ದಿನಕ್ಕೆ 1,500 (ಕೆಲವು ಕಡೆ ಯಾವಾಗ್ಲೂ 26 ಇಲ್ಲಾ 30ರಿಂದಲೇ ಭಾಗಿಸ್ತಾರೆ, ಕೇಳಿ ಇಟ್ಕೊಳ್ಳಿ). ಆದ್ರೆ ಕೈಗೆ ಬರೋದ್ರಲ್ಲಿ ಪೂರ್ತಿ 1,400 ಕಡಿಮೆ ಆಗಿರಲ್ಲ, ಯಾಕಂದ್ರೆ ಬೇಸಿಕ್ಕೂ 20,300ಕ್ಕೆ ಇಳಿದಿರುತ್ತೆ, ಅದರ 12% ಪಿಎಫ್ (ಭವಿಷ್ಯ ನಿಧಿ) 2,520 ಬದಲು 2,436 ಹಿಡಿದಿರ್ತಾರೆ, ಆ 84 ರೂಪಾಯಿ ನಮಗೇ ಉಳಿದು ನಿಜವಾಗಿ ಕಡಿಮೆ ಆಗೋದು 1,316. ಹೀಗೆ ರೂಪಾಯಿಗೆ ರೂಪಾಯಿ ತಾಳೆ ಆದಾಗ ಸಿಗೋ ಸಮಾಧಾನಾನೇ ಬೇರೆ. ಬೇಸಿಕ್ ಎಷ್ಟೇ ಇದ್ರೂ 15,000 ಮಿತಿಗೆ ಮಾತ್ರ ಲೆಕ್ಕ ಹಾಕಿ 1,800 ಪಿಎಫ್ ಹಿಡಿಯೋ ಕಂಪನಿ ಆದ್ರೆ ಆ ಸಾಲು ಅಲ್ಲಾಡದೇನೂ ಇರಬಹುದು.

ಫೆಬ್ರವರಿಯಲ್ಲಿ ಸರಿಯಾಗಿ 100 ರೂಪಾಯಿ ಕಡಿಮೆ ಬಂದಿದ್ರೆ ಅದು ವೃತ್ತಿ ತೆರಿಗೆ. ಕರ್ನಾಟಕದಲ್ಲಿ ಸಂಬಳ 25,000 ಮುಟ್ಟಿದ ಮೇಲೆ ತಿಂಗಳಿಗೆ 200 ಹಿಡೀತಾರೆ, 2025ರ ಏಪ್ರಿಲ್‌ನಿಂದ ಬಂದ ಬದಲಾವಣೆ ಪ್ರಕಾರ ಫೆಬ್ರವರಿಗೆ ಮಾತ್ರ 300, ವರ್ಷಕ್ಕೆ ಒಟ್ಟು 2,500.

ಟಿಡಿಎಸ್ (ಸಂಬಳದಲ್ಲೇ ಹಿಡಿಯೋ ಆದಾಯ ತೆರಿಗೆ) ಕಟ್ಟೋರಿಗೆ ಹೆಚ್ಚು ಗೊಂದಲ ಅಲ್ಲೇ. ಇಡೀ ವರ್ಷದ ತೆರಿಗೆ ಅಂದಾಜು ಮಾಡಿ, ಹಿಡಿದಿದ್ದನ್ನ ಕಳೆದು, ಮಾರ್ಚ್‌ವರೆಗೆ ಉಳಿದ ತಿಂಗಳುಗಳಿಗೆ ಹಂಚ್ತಾರೆ, ಹಾಗಾಗಿ ಮಧ್ಯದಲ್ಲಿ ಬೋನಸ್ಸೋ ಇಂಕ್ರಿಮೆಂಟೋ ಬಂದ್ರೆ ಮುಂದಿನ ಎಲ್ಲಾ ತಿಂಗಳ ಕಡಿತಾನೂ ಬದಲಾಗುತ್ತೆ. ಹಳೇ ತೆರಿಗೆ ಪದ್ಧತಿಯಲ್ಲಿ ಇರೋರು ತೆರಿಗೆ ವಿನಾಯಿತಿಗೆ ಬೇಕಾದ ಪ್ರೂಫ್ ಕೊಡೋದು ಬಿಟ್ರಂತೂ ಜನವರಿಯಿಂದ ಮಾರ್ಚ್‌ವರೆಗೆ ಜಾಸ್ತಿ ಹೋಗುತ್ತೆ.

ಎಚ್‌ಆರ್‌ಗೆ ಬರೆಯೋವಾಗ ನಾನು "ಸಂಬಳ ಕಡಿಮೆ ಬಂದಿದೆ" ಅಂತ ಬರೆಯಲ್ಲ, "ಎಲ್‌ಒಪಿ 1 ಅಂತ ಇದೆ, ಆ ದಿನದ ರಜೆ ಅಪ್ರೂವ್ ಆಗಿದೆ" ಅಂತ ಸಾಲು ಹಿಡಿದೇ ಕೇಳ್ತೀನಿ, ಉತ್ತರ ಬೇಗ ಬರುತ್ತೆ. ಸರಿಮಾಡಿದ್ರೆ ಮುಂದಿನ ತಿಂಗಳು ಅರಿಯರ್ಸ್ (ಹಿಂದಿನ ಬಾಕಿ) ಅಂತ 1,400 ಸೇರುತ್ತೆ, ಅದ್ರಲ್ಲಿ ಪಿಎಫ್ 84 ಹಿಡಿದೇ ಕೊಡ್ತಾರೆ, ಅದನ್ನೂ ನೋಡ್ಕೊಳ್ಳಿ.